ಒಂದು ಗುಂಜಿ ಬಂಗಾರ ಸಾಕು

ನಮ್ಮ ಅಪ್ಪನ ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಆಗಾಗ ನೇರಳೆ ಬಣ್ಣದ ಕಲೆ ಕಾಣುತ್ತಿತ್ತು. ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಗೆ ಹತ್ತುತ್ತದಲ್ಲ, ಅಂಥ ಬಣ್ಣ. ಸಾಬೂನು, ಬೂದಿ, ಹುಣಸೆಹಣ್ಣು, ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ವಾರವೋ ಹತ್ತು ದಿನವೋ ಇದ್ದು, ಚರ್ಮ ಸವೆದಂತೆ ತಾನಾಗಿ ಹೋಗುತ್ತಿತ್ತು. ಊಟಕ್ಕೆ ಕೂತಾಗ ಅವ್ವ ಆ ಬೆರಳು ನೋಡಿ, 'ಇವತ್ತ ತೇಜಾಬದ ಕೆಲಸ ಇತ್ತೇನ್ರಿ?' ಎಂದು ಕೇಳುತ್ತಿದ್ದಳು. ಅಪ್ಪ ಹೂಂ ಎನ್ನುತ್ತಿದ್ದ. ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅಪ್ಪ ಮುಂಡರಗಿ ಬಜಾರದಲ್ಲಿ ಪತ್ತಾರಿಕೆ ಮಾಡುತ್ತಿದ್ದ. ಹಳೆಯ ಒಡವೆ ಕರಗಿಸಿ ಚೊಕ್ಕ ಬಂಗಾರ ತೆಗೆಯಬೇಕಾದಾಗ ಅಂಗಡಿಯ ಹಿತ್ತಲಲ್ಲಿ ಕೂತು, ಎರಡು ಆಮ್ಲ ಕೂಡಿಸಿದ ತೇಜಾಬ ಇದ್ದ ಗಾಜಿನ ಪಾತ್ರೆಯಲ್ಲಿ ಬಂಗಾರದ ಚೂರು ಹಾಕುತ್ತಿದ್ದ. ಹಳದಿ ಹೊಗೆ ಏಳುತ್ತಿತ್ತು. ನಾವು ಮಕ್ಕಳು ದೂರ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಚೂರು ಮಾಯವಾಗಿ ಗೋಮೂತ್ರದಂಥ ಹಳದಿ ನೀರು ಉಳಿಯುತ್ತಿತ್ತು. ಅದಕ್ಕೆ ಅನ್ನಭೇದಿ ಕದಡಿ ಹಾಕಿದರೆ ತಳದಲ್ಲಿ ಕಂದು ಬಣ್ಣದ ಕೆಸರು ಕೂರುತ್ತಿತ್ತು. 'ಬಂಗಾರ ಎಲ್ಲಿ ಹೋತು ಅಪ್ಪಾ?' ಎಂದರೆ ಆ ಕೆಸರಿನತ್ತ ಬೆರಳು ತೋರಿಸುತ್ತಿದ್ದ. ನಂಬಿಕೆ ಬರುತ್ತಿರಲಿಲ್ಲ. ಕೆಸರನ್ನು ತೊಳೆದು, ಒಣಗಿಸಿ, ಬಿಳಿಗಾರದ ಜೊತೆ ಮೂಸೆಗೆ ಹಾಕಿ ಕಾಯಿಸಿದಾಗ ಹೊಳೆಯುವ ಹಳದಿ ಗುಂಡು ಹೊರಬರುತ್ತಿತ್ತು. ಆಗ ನಂಬುತ್ತಿದ್ದೆವು.

ಮುಂದೆ ನಾನು ರಸಾಯನಶಾಸ್ತ್ರ ಓದಿ, 31 ವರ್ಷ ಅದನ್ನೇ ಕಲಿಸಿ ನಿವೃತ್ತಳಾದೆ. ಹಳದಿ ಗುಂಡು, ಕಂದು ಕೆಸರು, ಬೆರಳಿನ ನೇರಳೆ ಕಲೆ ಮೂರೂ ಒಂದೇ ಬಂಗಾರ ಎಂಬುದು ನನಗೆ ಪೂರ್ತಿ ಅರ್ಥವಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ಬಂಗಾರದ ಉಪ್ಪು ಚರ್ಮಕ್ಕೆ ತಾಗಿದಾಗ, ಚರ್ಮದೊಳಗಿನ ಪದಾರ್ಥಗಳೂ ಬೆಳಕೂ ಸೇರಿ ಅದನ್ನು ಮರಳಿ ಬಂಗಾರವಾಗಿಸುತ್ತವೆ. ಆದರೆ ಆ ಕಣಗಳು ಎಷ್ಟು ಸಣ್ಣವೆಂದರೆ ಅವುಗಳಿಗೆ ಹಳದಿಯ ಹಂಗೇ ಇಲ್ಲ. ನಮ್ಮ ಅಪ್ಪ ತನ್ನ ಬೆರಳ ಮೇಲೆ ನ್ಯಾನೋ ಬಂಗಾರ ಹೊತ್ತು ತಿರುಗುತ್ತಿದ್ದ. ಅದನ್ನು ಅವನಿಗೆ ಹೇಳುವ ಭಾಗ್ಯ ನನಗೆ ಬರಲಿಲ್ಲ. ಈ ಲೇಖನ ಬರೆಯುವುದಕ್ಕೆ ಆ ಕೊರಗೂ ಒಂದು ಕಾರಣ.

ಇನ್ನೊಂದು ಕಾರಣ ನಮ್ಮ ನೆಲ. ಬಂಗಾರದ ಮಾತು ಮುಂಡರಗಿ ಸೀಮೆಗೆ ಹೊಸದಲ್ಲ. ಇಲ್ಲಿಯ ದೇವರೇ ಲಕ್ಷ್ಮೀ ಕನಕನರಸಿಂಹ. ಡೋಣಿ, ಡಂಬಳದ ಕಡೆ ಕಪ್ಪತಗುಡ್ಡದಿಂದ ಇಳಿದು ಬರುವ ಹಳ್ಳಗಳಲ್ಲಿ ಮಳೆಗಾಲ ಕಳೆದ ಮೇಲೆ ಜಾಲಗಾರರು ಮರಳು ತೊಳೆದು ಬಂಗಾರ ಹೆಕ್ಕುತ್ತಿದ್ದರು. ಪತ್ತಾರರ ಅಂಗಡಿಯ ಕಸ, ಕುಲುಮೆಯ ಬೂದಿಯನ್ನೂ ಅವರು ಮರಿಗೆಯಲ್ಲಿ ತೊಳೆದು ಕಣ ಬಿಡದೆ ಆರಿಸುತ್ತಿದ್ದರು. 1874ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಡಂಬಳ ಗುಡ್ಡಗಳ ಬಂಗಾರದ ಕಲ್ಲುಗಳ ಬಗ್ಗೆ ಭೂವೈಜ್ಞಾನಿಕ ಸಮೀಕ್ಷೆಯ ದಾಖಲೆಯಲ್ಲಿ ವಿವರವಾಗಿ ಬರೆದ. 20ನೇ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿಯಂಥ ಕಡೆ ಕಂಪನಿಗಳು ಗಣಿ ತೋಡಿ, ಗಿಟ್ಟದೆ ಬಿಟ್ಟುಹೋದವು. ಅಂದಿನಿಂದ ಇಂದಿನವರೆಗೆ ನಮ್ಮ ಭಾಗದಲ್ಲಿ ಬಂಗಾರ ಎಂದರೆ ಕೇಳುವ ಪ್ರಶ್ನೆ ಒಂದೇ: ಎಷ್ಟು ತೊಲ? ಗಾತ್ರವೇನು, ಆಕಾರವೇನು ಎಂದು ಯಾರೂ ಕೇಳಲಿಲ್ಲ. ಆ ಎರಡನೆಯ ಪ್ರಶ್ನೆಯನ್ನು ನಮ್ಮ ಮಕ್ಕಳು ಕೇಳಬೇಕು, ಉತ್ತರವನ್ನು ಕಣ್ಣಾರೆ ಕಾಣಬೇಕು. ನನ್ನ ವಾದ ಇಷ್ಟೇ.

ಕಾಣುವುದು ಕಷ್ಟವಲ್ಲ. ಅಪ್ಪನ ಪೆಟ್ಟಿಗೆಯಲ್ಲಿ ಸಣ್ಣ ಡಬ್ಬಿಯೊಂದರಲ್ಲಿ ಅವನೇ ಚೊಕ್ಕ ಮಾಡಿಟ್ಟ ಒಂದು ಗುಂಜಿಯಷ್ಟು ಬಂಗಾರ ಉಳಿದಿತ್ತು. ಒಂದು ಗುಂಜಿ ಎಂದರೆ ಸುಮಾರು 0.12 ಗ್ರಾಂ; 96 ಗುಂಜಿಗೆ ಒಂದು ತೊಲ. ನನ್ನ ಸೇವೆಯ ಕೊನೆಯ ವರ್ಷ ಅದನ್ನು ಕಾಲೇಜಿಗೆ ಒಯ್ದೆ. ಅಪ್ಪನ ರೀತಿಯಲ್ಲೇ ಆಮ್ಲದಲ್ಲಿ ಕರಗಿಸಿ, ಮಿಕ್ಕ ಆಮ್ಲವನ್ನು ಆವಿಯಾಗಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ತೆಳುವಾಗಿಸಿದೆ. ಬಿಎಸ್ಸಿ ಅಂತಿಮ ವರ್ಷದ ಹನ್ನೊಂದು ಮಕ್ಕಳು ಮೇಜಿನ ಸುತ್ತ ನಿಂತಿದ್ದರು.

ನೂರು ಮಿಲಿಲೀಟರ್ ನೀರು. ನೋಡಿದರೆ ಬರೀ ನೀರೇ, ಹಳದಿಯ ನೆರಳಷ್ಟೇ. ಅದು ಕುದಿಯತೊಡಗಿದಾಗ ಸೋಡಿಯಂ ಸಿಟ್ರೇಟ್ ದ್ರಾವಣ ಹಾಕಿದೆ. ಸಿಟ್ರೇಟ್ ಎಂದರೆ ನಿಂಬೆಹಣ್ಣಿನ ಹುಳಿಯಿಂದಲೇ ಹುಟ್ಟುವ ಉಪ್ಪು. ಮೊದಲು ಆ ಹಳದಿಯೂ ಹೋಗಿ ನೀರು ತಿಳಿಯಾಯಿತು. ಒಬ್ಬ ಹುಡುಗ 'ಕೆಟ್ಟಹೋತೇನ್ರಿ ಮೇಡಂ' ಎಂದ. ತಡಿ ಎಂದೆ. ಎಲ್ಲಿಂದಲೋ ಮಸಿ ಕದಡಿದ ಹಾಗೆ ಬೂದು ಮಿಶ್ರಿತ ನೀಲಿ ಬಂತು. ಅದು ಗಾಢವಾಗಿ ನೇರಳೆಯಾಯಿತು. ನೇರಳೆ ತಿಳಿಯಾಗುತ್ತ ಹೋಗಿ, ಕೆಲವೇ ನಿಮಿಷಗಳಲ್ಲಿ ಪಾತ್ರೆಯ ತುಂಬ ದಾಳಿಂಬೆ ರಸದಂಥ ಕೆಂಪು. ಬಣ್ಣ ಹಾಕಿರಲಿಲ್ಲ. ಪಾತ್ರೆಯಲ್ಲಿದ್ದದ್ದು ನೀರು, ಹುಳಿಯ ಉಪ್ಪು, ನಮ್ಮ ಅಪ್ಪನ ಬಂಗಾರ, ಅಷ್ಟೇ.

ಈ ವಿಧಾನ 1951ರಲ್ಲಿ ಜಾನ್ ಟರ್ಕೆವಿಚ್ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು ತೋರಿಸಿಕೊಟ್ಟದ್ದು. ಹೀಗೆ ಹುಟ್ಟುವ ಕಣಗಳು ಸುಮಾರು 15ರಿಂದ 20 ನ್ಯಾನೋಮೀಟರ್ ಅಗಲದ ಗುಂಡುಗಳು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಇಂಥ ಕಣಗಳನ್ನು ಸಾಲಾಗಿ ಸಾವಿರಗಟ್ಟಲೆ ಜೋಡಿಸಬಹುದು. ಒಂದು ಗುಂಜಿ ಬಂಗಾರದಿಂದ 20 ನ್ಯಾನೋಮೀಟರಿನ ಕಣಗಳು ಸುಮಾರು 15 ಕೋಟಿ ಕೋಟಿ ಆಗುತ್ತವೆ. ಅವುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಎರಡು ಚದರ ಮೀಟರಿನ ಹತ್ತಿರ ಬರುತ್ತದೆ. ನಮ್ಮ ಮನೆಗಳ ಕೌದಿಯೊಂದರ ಅಳತೆ. ಅದೇ ಗುಂಜಿ ಎರಡೂವರೆ ಲೀಟರಿನಷ್ಟು ನೀರನ್ನು ಹೀಗೆ ಕೆಂಪಾಗಿಸುತ್ತದೆ.

ಯಾಕೆ ಕೆಂಪು? ಮಕ್ಕಳಿಗೆ ನಾನು ಹೇಳಿದ್ದು ನಾಗರಪಂಚಮಿಯ ಜೋಕಾಲಿಯ ಲೆಕ್ಕ. ಲೋಹದೊಳಗೆ ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಕಟ್ಟಿಕೊಂಡಿರದೆ ಎಲ್ಲ ಕಡೆ ಓಡಾಡಿಕೊಂಡಿರುತ್ತವೆ. ಬೆಳಕು ಎಂದರೆ ಅಲೆ. ಅದು ಬಂದು ತಾಗಿದಾಗ ಪುಟ್ಟ ಕಣದೊಳಗಿನ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಒಂದು ಬದಿಗೆ ಸರಿಯುತ್ತವೆ, ಮತ್ತೆ ಸೆಳೆತಕ್ಕೆ ಸಿಕ್ಕು ಈಚೆ ಬರುತ್ತವೆ, ಹೀಗೆ ತೂಗುತ್ತವೆ. ಜೋಕಾಲಿಗೆ ಅದರದೇ ಒಂದು ತಾಳವಿರುತ್ತದಲ್ಲ. ಆ ತಾಳಕ್ಕೆ ಸರಿಯಾಗಿ ನೂಕಿದರೆ ಸಣ್ಣ ಹುಡುಗಿಯ ಕೈಯೂ ದೊಡ್ಡವರನ್ನು ಮರದ ಟೊಂಗೆಯ ತನಕ ಒಯ್ಯುತ್ತದೆ, ತಾಳ ತಪ್ಪಿದರೆ ಜೋಕಾಲಿ ಮುಗ್ಗರಿಸುತ್ತದೆ. 20 ನ್ಯಾನೋಮೀಟರಿನ ಬಂಗಾರದ ಗುಂಡಿಗೆ ತಾಳ ಕೂಡಿಬರುವುದು ಸುಮಾರು 520 ನ್ಯಾನೋಮೀಟರ್ ತರಂಗದ ಬೆಳಕಿನ ಜೊತೆ. ಅದು ಹಸಿರು. ಹಸಿರನ್ನು ಕಣ ನುಂಗುತ್ತದೆ. ದಾಟಿ ಬಂದ ಬೆಳಕಿನಲ್ಲಿ ಕೆಂಪೇ ಮೇಲುಗೈ. ಬೆಳ್ಳಿಯ ಪುಟ್ಟ ಗುಂಡಿನ ತಾಳ 400 ನ್ಯಾನೋಮೀಟರಿನ ಆಸುಪಾಸು, ಅಂದರೆ ನೇರಳೆ. ಅದನ್ನು ನುಂಗಿದ ಬೆಳ್ಳಿಯ ನೀರು ಹಳದಿಯಾಗಿ ಕಾಣುತ್ತದೆ. ಬಂಗಾರ ಕೆಂಪು, ಬೆಳ್ಳಿ ಹಳದಿ! ಇದನ್ನು ಕಂಡಿದ್ದರೆ ನಮ್ಮ ಅಪ್ಪ ಒರೆಗಲ್ಲು ಎತ್ತಿ ಒಳಗಿಡುತ್ತಿದ್ದ.

ಈಗ ಗಾತ್ರ ಬದಲಿಸೋಣ. ಕುದಿಯುವ ನೀರಿಗೆ ಸಿಟ್ರೇಟ್ ಕಡಿಮೆ ಹಾಕಿದರೆ ಕಣಗಳು ದೊಡ್ಡವಾಗುತ್ತವೆ. ಇದನ್ನು 1973ರಲ್ಲಿ ಫ್ರೆನ್ಸ್ ಎಂಬಾತ ಅಚ್ಚುಕಟ್ಟಾಗಿ ತೋರಿಸಿದ. ಗುಂಡು 100 ನ್ಯಾನೋಮೀಟರಿಗೆ ಬೆಳೆದರೆ ತಾಳ 570ರ ಸಮೀಪಕ್ಕೆ ಸರಿದು ಬಣ್ಣ ನೇರಳೆಯತ್ತ ವಾಲುತ್ತದೆ. ಅಷ್ಟೇ ಅಲ್ಲ, ಸಣ್ಣ ಕಣ ಹೆಚ್ಚಾಗಿ ಬೆಳಕನ್ನು ನುಂಗಿದರೆ ದೊಡ್ಡ ಕಣ ಅದನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಆದ್ದರಿಂದ ದೊಡ್ಡ ಕಣಗಳ ನೀರು ಎದುರು ಬೆಳಕಿನಲ್ಲಿ ಒಂದು ಬಣ್ಣ, ಪಕ್ಕದಿಂದ ನೋಡಿದರೆ ಇನ್ನೊಂದು ಬಣ್ಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 4ನೇ ಶತಮಾನದ ರೋಮನ್ ಗಾಜಿನ ಬಟ್ಟಲೊಂದಿದೆ. ಹೊರಗಿನ ಬೆಳಕಿನಲ್ಲಿ ಅದು ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ಗಾಜಿನೊಳಗೆ ಬಂಗಾರ, ಬೆಳ್ಳಿಯ ಅತಿ ಸಣ್ಣ ಕಣಗಳಿವೆ. ಇನ್ನು ಕಣವನ್ನು ಎರಡು ನ್ಯಾನೋಮೀಟರಿಗಿಂತ ಕೆಳಗಿಳಿಸಿದರೆ ಜೋಕಾಲಿಯೇ ಇಲ್ಲ. ತೂಗುವಷ್ಟು ಜಾಗ ಉಳಿಯದೆ ಬಂಗಾರ ಲೋಹದಂತೆ ವರ್ತಿಸುವುದನ್ನೇ ಬಿಡುತ್ತದೆ.

ಗಾತ್ರಕ್ಕಿಂತ ಆಕಾರದ ಆಟ ದೊಡ್ಡದು. ಗುಂಡನ್ನು ಎಳೆದು ಸಣ್ಣ ಕಡ್ಡಿಯಂತೆ ಮಾಡಿದರೆ ಎಲೆಕ್ಟ್ರಾನುಗಳಿಗೆ ಎರಡು ಜೋಕಾಲಿ ಸಿಗುತ್ತವೆ: ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು. ಹಗ್ಗ ಉದ್ದವಾದಷ್ಟೂ ಜೋಕಾಲಿ ನಿಧಾನ ಎಂದು ಪಂಚಮಿಯಲ್ಲಿ ಆಡಿದವರಿಗೆಲ್ಲ ಗೊತ್ತು. ಕಡ್ಡಿ ಉದ್ದವಾದಷ್ಟೂ ಅದರ ತಾಳ ನಿಧಾನವಾಗಿ, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಣ್ಣಿಗೆ ಕಾಣದ ಅವಕೆಂಪಿಗೆ ಸರಿಯುತ್ತದೆ. ಅಗಲದ ನಾಲ್ಕು ಪಟ್ಟು ಉದ್ದದ ಕಡ್ಡಿ ಸುಮಾರು 800 ನ್ಯಾನೋಮೀಟರಿನ ಬೆಳಕನ್ನು ನುಂಗುತ್ತದೆ. ಬೆಳ್ಳಿಯ ಗುಂಡುಗಳನ್ನು ಚಪ್ಪಟೆ ತ್ರಿಕೋನ ಮಾಡಿದರೆ ಹಳದಿ ಹೋಗಿ ನೀಲಿ ಬರುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ ಬಂಗಾರದ ತ್ರಿಕೋನಗಳನ್ನು ಮಾಡಲು ಬಳಸಿದ್ದು ಮಜ್ಜಿಗೆ ಹುಲ್ಲಿನ ರಸ. 2004ರಲ್ಲಿ ಆ ಕೆಲಸ ನೇಚರ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ಬಂತು. ನಮ್ಮ ಹಿತ್ತಲಿನ ಹುಲ್ಲು ಅದು!

ಆಕಾರ ಬೆಳಕನ್ನು ಹೇಗೆ ಹಿಡಿಯುತ್ತದೆ ಎಂಬುದಕ್ಕೆ ನಾನು ಮಕ್ಕಳನ್ನು ಡಂಬಳದ ದೊಡ್ಡಬಸಪ್ಪ ಗುಡಿಗೆ ಕರೆದೊಯ್ಯುತ್ತಿದ್ದೆ. ಮುಂಡರಗಿಯಿಂದ ಗದಗಿಗೆ ಹೋಗುವ ದಾರಿಯಲ್ಲೇ ಇದೆ. ಗರ್ಭಗುಡಿಯ ಹೊರಮೈ 24 ಮೂಲೆಗಳ ನಕ್ಷತ್ರ. ಇಳಿಹೊತ್ತಿನಲ್ಲಿ ನಿಂತು ನೋಡಿದರೆ ಪ್ರತಿ ಮೂಲೆಯ ಅಂಚು ಬೆಳಗುತ್ತದೆ, ಅದರ ಮಗ್ಗುಲಲ್ಲೇ ಕಪ್ಪು ನೆರಳು. ಅದೇ ಕಲ್ಲಿನಲ್ಲಿ ಬೋಳು ಗೋಡೆ ಕಟ್ಟಿದ್ದರೆ ಈ ಬೆಳಗು ಇರುತ್ತಿರಲಿಲ್ಲ. ಗುಡಿಯ ಬೆಳಕು, ನ್ಯಾನೋ ಕಣದ ಬೆಳಕು ಬೇರೆ ಬೇರೆ ನಿಯಮದವು, ಹೌದು. ಆದರೆ ಪದಾರ್ಥ ಒಂದೇ ಇದ್ದು ರೂಪ ಬದಲಾದರೆ ಬೆಳಕು ಬದಲಾಗುತ್ತದೆ ಎಂಬುದು ಮನಸ್ಸಿಗೆ ನಾಟಬೇಕಾದರೆ ಆ ಅಂಗಳದಲ್ಲಿ ಕಾಲು ಗಂಟೆ ನಿಂತರೆ ಸಾಕು. ವಿಜ್ಞಾನಿಗಳು ಬಂಗಾರದ ನಕ್ಷತ್ರಗಳನ್ನೂ ಮಾಡುತ್ತಾರೆ. ಅವುಗಳ ಚೂಪು ತುದಿಯಲ್ಲಿ ಬೆಳಕಿನ ಬಲ ಗುಂಪುಗೂಡುತ್ತದೆ. ಅಲ್ಲಿಗೆ ತಾಗಿಕೊಂಡ ಅಣುವಿನಿಂದ ಹೊಮ್ಮುವ ರಾಮನ್ ಬೆಳಕು ಬಹಳ ಪಟ್ಟು ಹಿಗ್ಗಿ ಕಾಣುತ್ತದೆ. 1928ರಲ್ಲಿ ಆ ಬೆಳಕನ್ನು ಕಂಡ ಸಿ.ವಿ. ರಾಮನ್ 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲೇ ನೆಲೆಸಿದರು.

ಇದರಿಂದ ನಮಗೇನು ಎಂದು ಕೇಳುವವರಿದ್ದಾರೆ. ಕೇಳಲಿ, ಅದು ನ್ಯಾಯವಾದ ಪ್ರಶ್ನೆ. ಆಶಾ ಕಾರ್ಯಕರ್ತೆಯರು ಹಳ್ಳಿಯ ಹೆಣ್ಣುಮಕ್ಕಳಿಗೆ ಕೊಡುವ ಗರ್ಭ ಪರೀಕ್ಷೆಯ ಪಟ್ಟಿಯನ್ನು ನೋಡಿ. ಎರಡು ಹನಿ ಮೂತ್ರ ಹಾಕಿದರೆ ಕೆಲವೇ ನಿಮಿಷದಲ್ಲಿ ಕೆಂಪು ಗೆರೆ ಮೂಡುತ್ತದೆ. ಕೊರೊನಾ ಕಾಲದಲ್ಲಿ ಮೂಗಿನ ದ್ರವ ತೆಗೆದು ಸ್ಥಳದಲ್ಲೇ ಮಾಡುತ್ತಿದ್ದ ಪರೀಕ್ಷೆಯಲ್ಲೂ ಇಂಥದೇ ಗೆರೆ. ಇಂಥ ಬಹಳಷ್ಟು ಪಟ್ಟಿಗಳಲ್ಲಿ ಆ ಕೆಂಪು ಬಣ್ಣದ ಪುಡಿಯಲ್ಲ, ಸುಮಾರು 40 ನ್ಯಾನೋಮೀಟರಿನ ಬಂಗಾರದ ಕಣಗಳು. ಅವುಗಳ ಮೈಗೆ ಅಂಟಿಸಿದ ಪ್ರತಿಕಾಯಗಳು ಬೇಕಾದ ಅಣುವನ್ನು ಹಿಡಿದುಕೊಂಡು ಬಂದು ಗೆರೆಯ ಜಾಗದಲ್ಲಿ ನಿಲ್ಲುತ್ತವೆ. ಮೊದಲ ಬಸಿರಿನ ಸುದ್ದಿಯನ್ನು ನಮ್ಮ ಎಷ್ಟೋ ಮನೆಗಳಿಗೆ ತಿಳಿಸಿದ್ದು ಬಂಗಾರ. ಕೈಗೆ ಬಳೆ ಇಲ್ಲದ ಬಡವಿಯ ಮನೆಗೂ ಅದೇ ಬಂಗಾರ.

ರಾತ್ರಿ ಮೊಬೈಲಿನ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳ ಸಂದಿಯಿಂದ ಕೆಂಪು ಬೆಳಕು ಹೊರಬರುತ್ತದೆ. ನೀಲಿ, ಹಸಿರು ಒಳಗೇ ಉಳಿಯುತ್ತವೆ. ಕೆಂಪು ಮತ್ತು ಅದರಾಚೆಯ ಅವಕೆಂಪು ಬೆಳಕಿಗೆ ಮಾತ್ರ ನಮ್ಮ ಮೈ ಅಷ್ಟಿಷ್ಟು ದಾರಿ ಬಿಡುತ್ತದೆ. ಕಡ್ಡಿಯಾಕಾರದ ಬಂಗಾರಕ್ಕೆ ಬೆಲೆ ಬರುವುದು ಇಲ್ಲಿ. ಚರ್ಮದಾಚೆಯಿಂದ ಬಿಟ್ಟ ಬೆಳಕನ್ನು ಒಳಗಿನ ಕಣ ನುಂಗಿ ಬಿಸಿಯಾದರೆ ಪಕ್ಕದ ಗಡ್ಡೆಯನ್ನು ಸುಡಬಹುದು. ಬಂಗಾರ ಹೊದಿಸಿದ ಸಿಲಿಕಾ ಕಣಗಳಿಂದ ಪ್ರಾಸ್ಟೇಟ್ ಗಡ್ಡೆಯನ್ನು ಹೀಗೆ ಸುಡುವ ಆರಂಭಿಕ ಪ್ರಯೋಗದ ವರದಿ 2019ರಲ್ಲಿ ಅಮೆರಿಕದಿಂದ ಬಂತು. ಇನ್ನೂ ಹೊಸದು, ಸಾಗಬೇಕಾದ ದಾರಿ ಬಹಳ ಇದೆ. ಆದರೆ ದಾರಿ ತೆರೆದದ್ದು ಆಕಾರ ಎಂಬುದು ಮರೆಯಬಾರದ ಮಾತು.

ಈ ತಿಳಿವಳಿಕೆ ಇಲ್ಲದಿದ್ದರೆ ಆಗುವ ಕೇಡೂ ಇದೆ. ನ್ಯಾನೋ ಯೂರಿಯಾದ ಬಾಟಲಿಯಿಂದಾಗಿ ನ್ಯಾನೋ ಎಂಬ ಪದ ಈಗ ರೈತರ ಬಾಯಲ್ಲೂ ಇದೆ. ನಾಳೆ ಯಾರಾದರೂ ಬೆಳ್ಳಿಯ ನೀರು, ಬಂಗಾರದ ನೀರು ಎಂದು ಸೀಸೆ ಹಿಡಿದು ಮನೆ ಬಾಗಿಲಿಗೆ ಬಂದರೆ ಏನು ಕೇಳಬೇಕೆಂದು ನಮ್ಮವರಿಗೆ ಗೊತ್ತಿರಬೇಕು: ಕಣ ಎಷ್ಟು ದೊಡ್ಡದು, ಯಾವ ಆಕಾರದ್ದು, ಯಾರು ಪರೀಕ್ಷಿಸಿದರು? ಬೆಳ್ಳಿಯ ನೀರನ್ನು ಔಷಧಿಯೆಂದು ಬಹಳ ಕಾಲ ಕುಡಿದವರ ಚರ್ಮ ಬೂದುನೀಲಿಗೆ ತಿರುಗಿ ಹಾಗೇ ಉಳಿದದ್ದು ವೈದ್ಯಲೋಕಕ್ಕೆ ಹಳೆಯ ವಿಷಯ.

ಹೀಗಿದ್ದೂ ನಮ್ಮ ತಾಲ್ಲೂಕಿನ ಮಕ್ಕಳು ಇದನ್ನೆಲ್ಲ ಕಲಿಯುವುದು ಹೇಗೆ? ಪಠ್ಯದಲ್ಲಿ ನ್ಯಾನೋ ವಿಜ್ಞಾನದ ಪಾಠವಿದೆ. ಐದು ಅಂಕದ ಟಿಪ್ಪಣಿ ಬರೆಯುತ್ತಾರೆ, ಉರುಹೊಡೆದು. ನಾನು ಕೆಲಸ ಮಾಡಿದ ಕಡೆ ಬಂಗಾರದ ಉಪ್ಪು ತರಿಸಿಕೊಡಿ ಎಂದು ಬರೆದುಕೊಟ್ಟ ಅರ್ಜಿ ಮೂರು ವರ್ಷ ತಿರುಗಿ ಮರಳಿ ನನ್ನ ಮೇಜಿಗೇ ಬಂತು. ಬಂಗಾರ ಎಂಬ ಹೆಸರು ಕೇಳಿಯೇ ಹೆದರಿದ್ದರು. ಒಂದು ಗುಂಜಿ ಬಂಗಾರದ ಬೆಲೆ ಸ್ನೇಹಸಮ್ಮೇಳನದ ಪೆಂಡಾಲಿನ ಬಾಡಿಗೆಯನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲಿ ಈ ಪ್ರಯೋಗವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಮಾಡಬಹುದು. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸಿ.ಎನ್.ಆರ್. ರಾವ್ ಅವರು ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನ್ಯಾನೋ ಪದಾರ್ಥಗಳ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾಗಿದೆ. ಅದು ನಮ್ಮ ಹೆಮ್ಮೆ. ಆದರೆ ಜಕ್ಕೂರಿನಲ್ಲಿ ಬಲ್ಲದ್ದು ಡೋಣಿಯ ಹುಡುಗಿಯ ಕಣ್ಣಿಗೂ ಬೀಳಬೇಕು. ನಾನು ಕೇಳುವುದು ಪ್ರತಿ ತಾಲ್ಲೂಕಿನ ಪದವಿ ಕಾಲೇಜಿಗೆ ವರ್ಷಕ್ಕೆ ಒಂದು ಗುಂಜಿ ಬಂಗಾರದ ಉಪ್ಪು, ಒಳ್ಳೆಯ ತ್ರಾಸು, ಹೊಗೆ ಹೊರಹೋಗುವ ಕಪಾಟು, ಮತ್ತು ಪ್ರಯೋಗವನ್ನು ಪರೀಕ್ಷೆಗಾಗಿ ಅಲ್ಲದೆ ನೋಡುವುದಕ್ಕಾಗಿಯೇ ಮಾಡುವ ಒಂದು ಮಧ್ಯಾಹ್ನ.

ಕಪ್ಪತಗುಡ್ಡದ ಮಾತನ್ನು ಇಲ್ಲಿ ಎತ್ತದೆ ಇರಲಾರೆ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಬೀದಿಗಿಳಿದು ಗುಡ್ಡ ಉಳಿಸಿಕೊಂಡರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಒಳಗಿರುವ ಬಂಗಾರದ ಆಸೆ ಮಾತ್ರ ಇನ್ನೂ ಸತ್ತಿಲ್ಲ. ಗುಡ್ಡ ಅಗೆದರೆ ಸಿಗುವ ತೊಲದ ಲೆಕ್ಕ ಹೇಳುವವರಿಗೆ ನಾನು ಗುಂಜಿಯ ಲೆಕ್ಕ ಹೇಳುತ್ತೇನೆ. ಇಡೀ ತಾಲ್ಲೂಕಿನ ಮಕ್ಕಳಿಗೆ ಬಂಗಾರದ ಗುಟ್ಟು ಕಲಿಸಲು ಹಳೆಯ ಮೂಗುತಿಯಷ್ಟು ಲೋಹ ಸಾಕು, ಅದಕ್ಕಾಗಿ ಒಂದು ಗಿಡವೂ ಬೀಳಬೇಕಾಗಿಲ್ಲ.

1857ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಇಂಥ ಕೆಂಪು ಬಂಗಾರದ ನೀರನ್ನು ಮಾಡಿ, ಕೆಂಪಿಗೆ ಕಾರಣ ಕಣಗಳ ಸಣ್ಣತನ ಎಂದು ಸರಿಯಾಗಿ ಊಹಿಸಿದ. ಅದರ ಪೂರ್ಣ ಗಣಿತವನ್ನು 1908ರಲ್ಲಿ ಗುಸ್ತಾವ್ ಮೀ ಬರೆದ. ಫ್ಯಾರಡೆಯ ಸೀಸೆಗಳು ಇಂದಿಗೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿವೆ, ಕೆಂಪು ಮಾಸಿಲ್ಲ. ನಮ್ಮ ಪಾತ್ರೆಯ ಕೆಂಪಿಗೆ ಅಷ್ಟು ಆಯುಸ್ಸು ಇರಲಿಲ್ಲ. ಅರ್ಧವನ್ನು ಬೇರೆ ಮಾಡಿ ಚಿಟಿಕೆ ಅಡುಗೆ ಉಪ್ಪು ಹಾಕಿದೆ. ಒಂದನ್ನೊಂದು ದೂರ ಇಟ್ಟಿದ್ದ ಕಣಗಳ ಮೈಯ ವಿದ್ಯುತ್ ಬಲವನ್ನು ಉಪ್ಪು ಕುಗ್ಗಿಸಿತು. ಅವು ಒತ್ತಿ ಗುಂಪಾದವು, ಕೆಂಪು ನೋಡನೋಡುತ್ತಲೇ ನೇರಳೆಯಾಗಿ ನೀಲಿಗೆ ತಿರುಗಿತು. ಹನ್ನೊಂದು ಮಕ್ಕಳಲ್ಲಿ ಒಬ್ಬರೂ ಮಾತಾಡಲಿಲ್ಲ.

ಮೂರನೆಯ ದಿನ ಅವರಲ್ಲೊಬ್ಬಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಕೈಗವಸು ಬಿಚ್ಚುವಾಗ ಬಂಗಾರದ ಉಪ್ಪಿನ ಹನಿ ತಾಗಿರಬೇಕು, ತೋರುಬೆರಳ ತುದಿ ನೇರಳೆಯಾಗಿತ್ತು. 'ಎಷ್ಟ ತಿಕ್ಕಿದ್ರೂ ಹೋಗವಲ್ದ್ರಿ ಮೇಡಂ' ಎಂದಳು. ಆ ಬೆರಳನ್ನು ಹಿಡಿದು ನಾನು ಬಹಳ ಹೊತ್ತು ನೋಡಿದೆ. ಅವಳಿಗೆ ಕಾರಣ ಗೊತ್ತಿರಲಿಲ್ಲ. ಹಾನಿಯಿಲ್ಲ, ವಾರದಲ್ಲಿ ಹೋಗುತ್ತದೆ ಎಂದೆ. ಅವಳು ಹೋಗಲಿಲ್ಲ. 'ಮೇಡಂ, ಪಾತ್ರೇದಾಗ ಕೆಂಪ ಆಗಿತ್ತು. ಬೆರಳಾಗ ಯಾಕ ನೇರಳಿ ಐತ್ರಿ? ಇಲ್ಲಿ ಕಣ ಗುಂಪಾಗ್ಯಾವೇನ್ರಿ?'

ಪತ್ತಾರನ ಮಗಳಾಗಿ ಅಂಥ ಬೆರಳನ್ನು ಆಗಾಗ ನೋಡುತ್ತ ಬೆಳೆದರೂ ನಾನು ಎಂದೂ ಕೇಳದ ಪ್ರಶ್ನೆ ಅದು. ಒಂದು ಮಧ್ಯಾಹ್ನದ ಪ್ರಯೋಗ ನೋಡಿ ಅವಳು ಕೇಳಿದಳು. ಹೌದವ್ವ, ಗುಂಪಾಗ್ಯಾವ, ಕುಂದರ್ ಬಾ ಎಂದು ಕುರ್ಚಿ ಎಳೆದೆ.